ಬಗ್ಗಡವನ್ನು ಉಳಿಸಿಕೊಂಡವರು

1914ರ ಏಪ್ರಿಲ್ 3ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ರಸಾಯನ ತಜ್ಞರ ಒಂದು ಸಭೆ ಸೇರಿತ್ತು. ಎಡ್ವರ್ಡ್ ಆರ್ಡನ್ ಮತ್ತು ವಿಲಿಯಂ ಲಾಕೆಟ್ ಎಂಬಿಬ್ಬರು ಅಲ್ಲಿ ಓದಿದ ಪ್ರಬಂಧ ಚರಂಡಿ ನೀರಿಗೆ ಸಂಬಂಧಿಸಿದ್ದು. ಊರಿನ ಕೊಳಚೆಯನ್ನು ಬಾಟಲಿಗಳಲ್ಲಿ ತುಂಬಿ, ಪಾಚಿ ಹಿಡಿಯದಂತೆ ಬೆಳಕು ತಡೆದು, ಅದರೊಳಗೆ ಅವರು ಗಾಳಿ ಊದುತ್ತಿದ್ದರು. ಮೊದಲ ಸಲ ನೀರು ಪೂರ್ತಿ ಶುದ್ಧವಾಗಲು ಸುಮಾರು ಐದು ವಾರ ಹಿಡಿಯಿತು. ಐದು ವಾರದ ಚರಂಡಿ ನೀರನ್ನು ಕೂಡಿಡುವಷ್ಟು ದೊಡ್ಡ ತೊಟ್ಟಿಯನ್ನು ಯಾವ ನಗರಸಭೆಯೂ ಕಟ್ಟಲಾರದು. ಅಲ್ಲಿಗೇ ನಿಂತಿದ್ದರೆ ಅದು ಪ್ರಯೋಗಾಲಯದ ಒಂದು ಕುತೂಹಲವಾಗಿ ಉಳಿಯುತ್ತಿತ್ತು.

ಅವರು ಮೇಲಿನ ತಿಳಿನೀರನ್ನಷ್ಟೇ ಬಸಿದು, ತಳಕ್ಕೆ ಕೂತ ಕಂದು ಬಗ್ಗಡವನ್ನು ಬಾಟಲಿಯಲ್ಲೇ ಬಿಟ್ಟರು. ಅದರ ಮೇಲೆ ಹೊಸ ಕೊಳಚೆ ಸುರಿದು ಮತ್ತೆ ಗಾಳಿ ಊದಿದರು. ಎರಡನೆಯ ಸಲಕ್ಕೆ ಅಷ್ಟು ದಿನ ಬೇಕಾಗಲಿಲ್ಲ. ಮೂರನೆಯ ಸಲಕ್ಕೆ ಇನ್ನೂ ಕಡಿಮೆ ಸಾಕಾಯಿತು. ಹೀಗೆ ಬಗ್ಗಡವನ್ನು ಉಳಿಸಿಕೊಳ್ಳುತ್ತ ಹೋದಂತೆ ಐದು ವಾರದ ಕೆಲಸ ಒಂದು ದಿನದೊಳಗೆ ಮುಗಿಯತೊಡಗಿತು. ನಿನ್ನೆಯ ಮೊಸರಿನಲ್ಲಿ ಒಂದು ಚಮಚ ಎತ್ತಿಟ್ಟು ಇವತ್ತಿನ ಹಾಲಿಗೆ ಹೆಪ್ಪು ಹಾಕುವ ಯಾವ ಮನೆಯಲ್ಲೂ ಈ ಮಾತು ಅರ್ಥವಾಗುತ್ತದೆ. ಆ ಕಂದು ಬಗ್ಗಡವೆಂದರೆ ಕೊಳೆಯನ್ನು ತಿನ್ನುವುದರಲ್ಲಿ ಪಳಗಿದ ಕೋಟ್ಯಂತರ ಬ್ಯಾಕ್ಟೀರಿಯಾಗಳ ಸಮೂಹ. ಇವತ್ತು ಜಗತ್ತಿನ ದೊಡ್ಡ ನಗರಗಳ ಕೊಳಚೆ ಶುದ್ಧೀಕರಣ ಘಟಕಗಳಲ್ಲಿ ಬಹುಪಾಲು ಈ ಒಂದು ಉಪಾಯದ ಮೇಲೆ ನಿಂತಿವೆ.

ಆರ್ಡನ್ ಮತ್ತು ಲಾಕೆಟ್‌ಗೆ ಈ ದಾರಿ ತೋರಿಸಿದವರು ಗಿಲ್ಬರ್ಟ್ ಫೌಲರ್. 1912ರಲ್ಲಿ ಅಮೆರಿಕದ ಲಾರೆನ್ಸ್ ಪ್ರಯೋಗ ಕೇಂದ್ರದಲ್ಲಿ ಕೊಳಚೆಗೆ ಗಾಳಿ ಊದುವ ಪ್ರಯೋಗಗಳನ್ನು ಕಂಡು ಬಂದು, ಅದನ್ನು ಮುಂದುವರಿಸುವಂತೆ ಮ್ಯಾಂಚೆಸ್ಟರಿನ ತಮ್ಮ ಸಹೋದ್ಯೋಗಿಗಳಿಗೆ ಹೇಳಿದವರು ಅವರು. ಅದೇ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಅಲ್ಲಿನ ಜೀವರಸಾಯನ ವಿಭಾಗಕ್ಕೆ ಅವರೇ ಮೊದಲ ಮುಖ್ಯಸ್ಥರು. ಆ ಕಾಲಕ್ಕೆ ಜಗತ್ತಿನ ಅತಿ ಹೊಸ ಕೊಳಚೆ ವಿಜ್ಞಾನ ಬಲ್ಲವರೊಬ್ಬರು ಬೆಂಗಳೂರಿನಲ್ಲಿ ಕೂತು ಕೆಲಸ ಮಾಡುತ್ತಿದ್ದರು ಎಂಬುದನ್ನು ಈಗಿನ ಬೆಂಗಳೂರಿಗರು ಒಮ್ಮೆ ನೆನೆಯಬೇಕು.

ಕೊಳಚೆಯಲ್ಲಾಗಲಿ, ಸಗಣಿಯಲ್ಲಾಗಲಿ, ಕಬ್ಬಿನ ಕಾಕಂಬಿಯಲ್ಲಾಗಲಿ ಸೂಕ್ಷ್ಮಜೀವಿಗಳಿಗೆ ಕೊರತೆಯಿಲ್ಲ. ಅವುಗಳನ್ನು ಹುಡುಕಿ ತರುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. ನೀರು ಬೇಗ ಹರಿದುಹೋಗಬೇಕು, ಜೀವಿಗಳು ಒಳಗೇ ನಿಲ್ಲಬೇಕು. ನೀರು ಒಳಗಿರುವ ಕಾಲವನ್ನೂ ಜೀವಿಗಳು ಒಳಗಿರುವ ಕಾಲವನ್ನೂ ಬೇರ್ಪಡಿಸಿದವರು ಗೆದ್ದರು. ಕಳೆದ ನೂರು ವರ್ಷಗಳಲ್ಲಿ ಈ ಕ್ಷೇತ್ರದಲ್ಲಿ ಆದ ದೊಡ್ಡ ಮುನ್ನಡೆಗಳನ್ನೆಲ್ಲ ನೋಡಿದರೆ ಅವುಗಳ ಬುಡದಲ್ಲಿ ಇದೇ ಇದೆ ಎಂದು ನನಗೆ ಅನ್ನಿಸುತ್ತದೆ.

ಗಾಳಿ ಊದುವ ವಿಧಾನಕ್ಕೆ ಒಂದು ದೊಡ್ಡ ಬೆಲೆಯಿದೆ. ಅಂಥ ಘಟಕದ ವಿದ್ಯುತ್ ಬಿಲ್ಲಿನಲ್ಲಿ ಸುಮಾರು ಅರ್ಧದಷ್ಟು ಬ್ಲೋವರುಗಳದ್ದೇ. ಗಾಳಿ ಸಿಕ್ಕ ಬ್ಯಾಕ್ಟೀರಿಯಾಗಳು ತಿಂದದ್ದರಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಉಸಿರಾಡಿ ಇಂಗಾಲದ ಡೈಆಕ್ಸೈಡ್ ಮಾಡುತ್ತವೆ, ಉಳಿದರ್ಧವನ್ನು ತಮ್ಮ ಮೈಯಾಗಿಸಿಕೊಂಡು ಬೆಳೆಯುತ್ತವೆ. ಹಾಗೆ ಬೆಳೆದ ಹೆಚ್ಚುವರಿ ಬಗ್ಗಡವನ್ನು ಮತ್ತೆ ಎಲ್ಲೋ ಸಾಗಿಸಬೇಕು. ಕೊಳಚೆಯಲ್ಲಿರುವುದು ನಾವು ಉಂಡ ಅನ್ನದ, ದನ ತಿಂದ ಹುಲ್ಲಿನ, ಎಂದರೆ ಬಿಸಿಲಿನ ಶಕ್ತಿಯೇ. ಅದನ್ನು ಹೊರಗಿನಿಂದ ವಿದ್ಯುತ್ ಕೊಟ್ಟು ಸುಟ್ಟು ಕಳೆಯುವುದು ಎಂಥ ನಷ್ಟ!

ಆ ಶಕ್ತಿಯನ್ನು ಮರಳಿ ಕೊಡುವವರು ಗಾಳಿಯಿಲ್ಲದೆ ಬದುಕುವ ಜೀವಿಗಳು. ಅವುಗಳ ಕೆಲಸದ ಸುಳಿವು ಮೊದಲು ಸಿಕ್ಕಿದ್ದು 1776ರ ನವೆಂಬರಿನಲ್ಲಿ. ಇಟಲಿಯ ಮಜ್ಜೋರೆ ಸರೋವರದ ದಡದ ಜೊಂಡಿನ ನಡುವೆ ಕೋಲಿನಿಂದ ಕೆಸರು ಕೆದಕಿದಾಗ ಏಳುವ ಗುಳ್ಳೆಗಳನ್ನು ಅಲೆಸ್ಸಾಂಡ್ರೊ ವೋಲ್ಟಾ ಹಿಡಿದಿಟ್ಟು ಹೊತ್ತಿಸಿ ನೋಡಿದ. ಅದು ಮೀಥೇನ್. ನೂರಿಪ್ಪತ್ತು ವರ್ಷಗಳ ನಂತರ ಇಂಗ್ಲೆಂಡಿನ ಎಕ್ಸೆಟರ್ ಪಟ್ಟಣದಲ್ಲಿ ಡೊನಾಲ್ಡ್ ಕ್ಯಾಮರೂನ್ ಕಟ್ಟಿದ ಸೆಪ್ಟಿಕ್ ಟ್ಯಾಂಕಿನ ಅನಿಲದಿಂದ ದೀಪ ಉರಿಸಿದರು. 1897ರಲ್ಲಿ ಮುಂಬಯಿಯ ಮಾಟುಂಗಾದ ಕುಷ್ಠರೋಗಿಗಳ ಆಶ್ರಯಧಾಮದಲ್ಲೂ ಮಲದ ತೊಟ್ಟಿಯ ಅನಿಲವನ್ನು ಸಂಗ್ರಹಿಸಿ ಬಳಸಲಾಯಿತು. ಊರು ಹೊರಗಿಟ್ಟ ಜನ ತಮ್ಮ ತ್ಯಾಜ್ಯದಿಂದಲೇ ಅನಿಲ ಪಡೆದ ಆ ಸಂಗತಿಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಸಾಲಿನ ಜಾಗವಾದರೂ ಸಿಗಬೇಕಿತ್ತು.

ತೊಟ್ಟಿಯ ಕತ್ತಲಲ್ಲಿ ನಡೆಯುವ ಕೆಲಸ ಒಂದೇ ಜೀವಿಯದ್ದಲ್ಲ. ಮೊದಲ ತಂಡ ಪಿಷ್ಟ, ನಾರು, ಕೊಬ್ಬು, ಪ್ರೋಟೀನುಗಳ ದೊಡ್ಡ ಅಣುಗಳನ್ನು ಕತ್ತರಿಸಿ ಸಕ್ಕರೆ, ಅಮೈನೋ ಆಮ್ಲಗಳಾಗಿ ಕರಗಿಸುತ್ತದೆ. ಎರಡನೆಯದು ಅವನ್ನು ಹುಳಿ ಬರಿಸಿ ಪ್ರೊಪಿಯೋನಿಕ್, ಬ್ಯುಟಿರಿಕ್ ಮುಂತಾದ ಆಮ್ಲಗಳನ್ನಾಗಿ ಮಾಡುತ್ತದೆ. ಮೂರನೆಯದು ಆ ಆಮ್ಲಗಳನ್ನು ಅಸಿಟಿಕ್ ಆಮ್ಲ ಮತ್ತು ಹೈಡ್ರೋಜನ್ನಿಗೆ ಇಳಿಸುತ್ತದೆ. ಕೊನೆಯ ತಂಡ ಇವೆರಡನ್ನು ತಿಂದು ಮೀಥೇನ್ ಬಿಡುತ್ತದೆ. ಈ ಸಾಲಿನಲ್ಲಿ ಮೂರನೆಯವರ ಮತ್ತು ನಾಲ್ಕನೆಯವರ ನಂಟು ವಿಚಿತ್ರ. ಹೈಡ್ರೋಜನ್ ಸ್ವಲ್ಪ ಹೆಚ್ಚು ಶೇಖರವಾದರೂ ಮೂರನೆಯವರ ರಾಸಾಯನಿಕ ಕ್ರಿಯೆಯಿಂದ ಅವಕ್ಕೆ ಶಕ್ತಿ ಸಿಗುವುದೇ ಇಲ್ಲ, ಕೆಲಸ ನಿಂತುಬಿಡುತ್ತದೆ. ನಾಲ್ಕನೆಯವರು ಪಕ್ಕದಲ್ಲೇ ನಿಂತು ಹೈಡ್ರೋಜನ್ನನ್ನು ಹುಟ್ಟಿದ ಕೂಡಲೇ ತಿಂದುಹಾಕಿದರೆ ಮಾತ್ರ ಮೂರನೆಯವರು ಬದುಕಬಲ್ಲವು.

ಈ ನಂಟು ಎಷ್ಟು ಬಿಗಿಯೆಂದರೆ ವಿಜ್ಞಾನಿಗಳೇ ದಶಕಗಳ ಕಾಲ ಮೋಸಹೋದರು. ಮದ್ಯಸಾರವನ್ನು ತಿಂದು ಮೀಥೇನ್ ಕೊಡುವ 'ಮೀಥನೋಬ್ಯಾಸಿಲಸ್ ಓಮೆಲಿಯಾನ್‌ಸ್ಕಿಯೈ' ಎಂಬ ಒಂದು ಬ್ಯಾಕ್ಟೀರಿಯಾವನ್ನು ಶುದ್ಧವಾಗಿ ಬೇರ್ಪಡಿಸಿ ಬೆಳೆಸಿದ್ದೇವೆ ಎಂದೇ ಎಲ್ಲರೂ ನಂಬಿದ್ದರು. 1967ರಲ್ಲಿ ಮಾರ್ವಿನ್ ಬ್ರಯಂಟ್ ಮತ್ತು ಸಂಗಡಿಗರು ಅದು ಒಂದಲ್ಲ, ಎರಡು ಜೀವಿಗಳೆಂದು ತೋರಿಸಿದರು. ಒಂದು ಮದ್ಯಸಾರವನ್ನು ಒಡೆದು ಹೈಡ್ರೋಜನ್ ಬಿಡುತ್ತದೆ, ಇನ್ನೊಂದು ಆ ಹೈಡ್ರೋಜನ್ ತಿಂದು ಮೀಥೇನ್ ಮಾಡುತ್ತದೆ. ಜೊತೆಯಿಲ್ಲದೆ ಮೊದಲನೆಯದಕ್ಕೆ ಮದ್ಯಸಾರದ ಮೇಲೆ ಬದುಕಲು ಆಗದು. ಹತ್ತು ವರ್ಷಗಳ ನಂತರ, 1977ರಲ್ಲಿ, ಕಾರ್ಲ್ ವೂಸ್ ಮತ್ತು ಜಾರ್ಜ್ ಫಾಕ್ಸ್ ಇನ್ನೂ ದೊಡ್ಡ ಸುದ್ದಿ ಕೊಟ್ಟರು. ಮೀಥೇನ್ ಮಾಡುವ ಜೀವಿಗಳು ಬ್ಯಾಕ್ಟೀರಿಯಾಗಳೇ ಅಲ್ಲ. ಜೀವವೃಕ್ಷದ ಬೇರೆಯೇ ಕೊಂಬೆ, ಇಂದು ನಾವು ಆರ್ಕಿಯಾ ಎಂದು ಕರೆಯುವ ಕುಲ. ನಮ್ಮ ಹಿತ್ತಿಲ ಗೋಬರ್ ಗ್ಯಾಸ್ ಗುಂಡಿಯಲ್ಲಿ, ಹಸುವಿನ ಹೊಟ್ಟೆಯಲ್ಲಿ ಇರುವುದು ಈ ಪುರಾತನ ಕುಲವೇ.

ಮೀಥೇನ್ ಮಾಡುವ ಈ ಕೊನೆಯ ತಂಡ ನಿಧಾನಿ. ಹುಳಿ ಬರಿಸುವವು ಗಂಟೆಗಳಲ್ಲಿ ದುಪ್ಪಟ್ಟಾದರೆ ಇವುಗಳಲ್ಲಿ ಕೆಲವಕ್ಕೆ ದಿನಗಳೇ ಬೇಕು. ಗುಂಡಿಗೆ ಒಮ್ಮೆಲೇ ಮದುವೆ ಮನೆಯ ಅನ್ನ, ಪಾಯಸವನ್ನೆಲ್ಲ ಸುರಿದರೆ ಆಮ್ಲ ಮಾಡುವವು ಓಡುತ್ತವೆ, ಆಮ್ಲ ತಿನ್ನುವವು ಹಿಂದೆ ಬೀಳುತ್ತವೆ. ಗುಂಡಿ ಹುಳಿಯಾಗಿ ಗ್ಯಾಸ್ ನಿಲ್ಲುತ್ತದೆ. 'ಗುಂಡಿ ಸತ್ತಿತು' ಎಂದು ಜನ ಹೇಳುವುದು ಇದನ್ನೇ. ಸ್ವಲ್ಪ ಸುಣ್ಣ, ಹೊಸ ಸಗಣಿ, ಕೆಲವು ದಿನದ ಉಪವಾಸ ಕೊಟ್ಟರೆ ಸಾಮಾನ್ಯವಾಗಿ ಅದು ಚೇತರಿಸಿಕೊಳ್ಳುತ್ತದೆ.

ಸಗಣಿಯ ಗುಂಡಿಯಲ್ಲಿ ಹಾಕಿದ ಬಗ್ಗಡ ಒಂದು ತಿಂಗಳಿಗೂ ಹೆಚ್ಚು ಕಾಲ ಒಳಗಿರುವುದರಿಂದ ಈ ನಿಧಾನ ಅಷ್ಟು ಬಾಧಿಸದು. ಆದರೆ ದಿನಕ್ಕೆ ಲಕ್ಷಾಂತರ ಲೀಟರ್ ಸಕ್ಕರೆ ಬೆರೆತ ತ್ಯಾಜ್ಯ ನೀರು ಹೊರಬಿಡುವ ಸಕ್ಕರೆ ಕಾರ್ಖಾನೆ ಏನು ಮಾಡಬೇಕು? 1970ರ ದಶಕದಲ್ಲಿ ಹಾಲೆಂಡಿನ ವಾಗೆನಿಂಗೆನ್ ಕೃಷಿ ವಿಶ್ವವಿದ್ಯಾಲಯದ ಗಾಟ್ಸೆ ಲೆಟಿಂಗಾ ಇದೇ ಪ್ರಶ್ನೆ ಹಿಡಿದು ಕೂತರು. ಅವರು ತೊಟ್ಟಿಯ ತಳದಿಂದ ನೀರನ್ನು ಮೆಲ್ಲಗೆ ಮೇಲಕ್ಕೆ ಹರಿಸಿದರು. ನೀರು ಬಗ್ಗಡದ ಹಾಸನ್ನು ಹಾದು ಏರುತ್ತದೆ. ಮೇಲ್ಭಾಗದಲ್ಲಿ ತಲೆಕೆಳಗಾದ ಆಲಿಕೆಯಂಥ ರಚನೆ ಅನಿಲವನ್ನು ಒಂದು ಕಡೆಗೆ, ತಿಳಿನೀರನ್ನು ಇನ್ನೊಂದು ಕಡೆಗೆ ಬಿಟ್ಟು, ಬಗ್ಗಡವನ್ನು ಮತ್ತೆ ಕೆಳಕ್ಕೆ ಜಾರಿಸುತ್ತದೆ. ಬ್ರೆಡಾ ಪಟ್ಟಣದ ಬೀಟ್ ಸಕ್ಕರೆ ಕಾರ್ಖಾನೆಯಲ್ಲಿ ಇದನ್ನು ಪ್ರಯೋಗಿಸುವಾಗ ಯಾರೂ ಎಣಿಸದ ಒಂದು ಸಂಗತಿ ಕಂಡಿತು. ಹಗುರಾಗಿ ತೇಲಿಹೋಗುವ ಜೀವಿಗಳು ಹರಿವಿನಲ್ಲಿ ಕೊಚ್ಚಿಹೋದವು. ಒಂದಕ್ಕೊಂದು ಅಂಟಿಕೊಂಡವು ಉಳಿದವು, ಉಳಿದವು ಬೆಳೆದವು. ಕೊನೆಗೆ ಸಾಸಿವೆ ಗಾತ್ರದ ಗಟ್ಟಿ ಕಪ್ಪು ಕಾಳುಗಳೇ ರೂಪುಗೊಂಡವು. ಒಂದೊಂದು ಕಾಳೂ ಒಂದು ಊರು. ಆಮ್ಲ ಒಡೆಯುವವೂ ಹೈಡ್ರೋಜನ್ ತಿನ್ನುವವೂ ಅದರೊಳಗೆ ಮೈಗೆ ಮೈ ತಾಗಿಸಿಕೊಂಡು ಇರುತ್ತವೆ. ಈ ಕಾಳುಗಳಿಂದಾಗಿ ನೀರು ಕೆಲವೇ ಗಂಟೆಗಳಲ್ಲಿ ತೊಟ್ಟಿ ದಾಟಿಹೋಗಬಹುದಾಯಿತು, ಜೀವಿಗಳು ತಿಂಗಳುಗಟ್ಟಲೆ ಒಳಗೇ ಉಳಿದವು.

ಯುಎಎಸ್‌ಬಿ ಎಂಬ ಹೆಸರಿನಲ್ಲಿ ಈ ವಿಧಾನ ಜಗತ್ತಿನಾದ್ಯಂತ ಹಬ್ಬಿತು. ಲೆಟಿಂಗಾ ಇದಕ್ಕೆ ಪೇಟೆಂಟ್ ಪಡೆಯಲಿಲ್ಲ. ಬಡ ದೇಶಗಳಿಗೆ ಇದು ಅಡ್ಡಿಯಿಲ್ಲದೆ ತಲುಪಬೇಕೆಂಬುದು ಅವರ ಆಸೆಯಾಗಿತ್ತು. ವಿಜ್ಞಾನದ ಇತಿಹಾಸದಲ್ಲಿ ನಾನು ಬಹಳ ಗೌರವಿಸುವ ನಿರ್ಧಾರಗಳಲ್ಲಿ ಇದೊಂದು.

ಇದರಿಂದ ಎಷ್ಟು ಸಿಗುತ್ತದೆ ಎಂದು ಲೆಕ್ಕ ಹಾಕಿ ನೋಡಬಹುದು. ನೀರಿನ ಕೊಳೆಯನ್ನು ಅದನ್ನು ಸುಡಲು ಬೇಕಾಗುವ ಆಮ್ಲಜನಕದ ತೂಕದಲ್ಲಿ ಅಳೆಯುತ್ತಾರೆ. ಇದಕ್ಕೆ ಸಿಒಡಿ ಎಂದು ಹೆಸರು. ಒಂದು ಕಿಲೋ ಸಿಒಡಿ ಪೂರ್ತಿ ಜೀರ್ಣವಾದರೆ ಹೆಚ್ಚೆಂದರೆ 350 ಲೀಟರ್ ಮೀಥೇನ್ ಬರುತ್ತದೆ. ಕಾಕಂಬಿಯಿಂದ ಮದ್ಯಸಾರ ತೆಗೆಯುವ ಡಿಸ್ಟಿಲರಿಯಲ್ಲಿ ಒಂದು ಲೀಟರ್ ಮದ್ಯಸಾರಕ್ಕೆ ಸುಮಾರು 8ರಿಂದ 15 ಲೀಟರ್ ಕಡುಕಂದು ಸ್ಪೆಂಟ್ ವಾಶ್ ಉಳಿಯುತ್ತದೆ. ಅದರ ಒಂದೊಂದು ಲೀಟರಿನಲ್ಲೂ 100 ಗ್ರಾಂ ಆಸುಪಾಸಿನಲ್ಲಿ ಸಿಒಡಿ ಇರುತ್ತದೆ. ಹೀಗಾಗಿ ಸಾವಿರ ಲೀಟರ್ ಸ್ಪೆಂಟ್ ವಾಶ್‌ನಲ್ಲಿ ನೂರು ಕಿಲೋ ಸಿಒಡಿ. ಅದರಲ್ಲಿ ಅರವತ್ತು ಕಿಲೋ ಜೀರ್ಣವಾದರೂ 21 ಘನ ಮೀಟರ್ ಮೀಥೇನ್ ಸಿಗುತ್ತದೆ. ಇದು ಮನೆಯ ಒಂದು ಅಡುಗೆ ಸಿಲಿಂಡರಿಗಿಂತ ತುಸು ಹೆಚ್ಚಿನ ಶಾಖ. ಮಂಡ್ಯದಿಂದ ಬಾಗಲಕೋಟೆ, ಬೆಳಗಾವಿಯವರೆಗೆ ಕಬ್ಬಿನ ಸೀಮೆಯಲ್ಲಿ ಪೆಟ್ರೋಲಿಗೆ ಬೆರೆಸಲೆಂದು ಎಥನಾಲ್ ಹೆಚ್ಚಾಗುತ್ತಿರುವಾಗ ಸ್ಪೆಂಟ್ ವಾಶ್ ಕೂಡ ಹೆಚ್ಚಾಗುತ್ತಿದೆ. ಅದನ್ನು ಹಳ್ಳಕ್ಕೆ ಬಿಟ್ಟರೆ ಮೀನು ಸಾಯುತ್ತವೆ, ಬಾವಿ ಕೆಡುತ್ತದೆ. ಸೂಕ್ಷ್ಮಜೀವಿಗಳಿಗೆ ಕೊಟ್ಟರೆ ಕಾರ್ಖಾನೆಯ ಬಾಯ್ಲರಿಗೆ ಇಂಧನವಾಗುತ್ತದೆ. ಅನಿಲ ತೆಗೆದ ಮೇಲೂ ಆ ಕಂದು ಬಣ್ಣ ಹೋಗದು, ಪೊಟ್ಯಾಷ್ ಉಳಿದಿರುತ್ತದೆ. ಆ ಪೊಟ್ಯಾಷ್ ಹೊಲದಿಂದ ಬಂದದ್ದು, ಹೊಲಕ್ಕೇ ಹೋಗಬೇಕಾದದ್ದು.

ಇದೇ ಲೆಕ್ಕವನ್ನು ಊರಿನ ಚರಂಡಿ ನೀರಿಗೆ ಹಾಕಿ. ಸಾವಿರ ಲೀಟರಿಗೆ ಇರುವುದು ಅರ್ಧ ಕಿಲೋ ಸಿಒಡಿ. ಹೊರಬೀಳುವ ಮೀಥೇನ್ ನೂರು ಲೀಟರ್ ಆಸುಪಾಸು, ಅದರಲ್ಲೂ ಕಾಲು ಭಾಗದಷ್ಟು ನೀರಿನಲ್ಲೇ ಕರಗಿ ಹೊರಟುಹೋಗುತ್ತದೆ. ಹಾಗೆ ಹೋದದ್ದು ಗಾಳಿಗೆ ಸೇರಿ ಇಂಗಾಲದ ಡೈಆಕ್ಸೈಡಿಗಿಂತ ಎಷ್ಟೋ ಪಟ್ಟು ಹೆಚ್ಚಾಗಿ ಭೂಮಿಯನ್ನು ಬಿಸಿ ಮಾಡುತ್ತದೆ. ಗಂಗಾ ಕ್ರಿಯಾ ಯೋಜನೆಯಲ್ಲಿ, 1989ರಲ್ಲಿ, ಡಚ್ಚರ ನೆರವಿನಿಂದ ಕಾನ್ಪುರದ ಜಾಜಮೌನಲ್ಲಿ ದಿನಕ್ಕೆ 50 ಲಕ್ಷ ಲೀಟರ್ ಸಾಮರ್ಥ್ಯದ ಯುಎಎಸ್‌ಬಿ ಘಟಕ ಕಟ್ಟಿದರು. ನಂತರ ಅಲ್ಲೇ 3.6 ಕೋಟಿ ಲೀಟರಿನ ಘಟಕ ಬಂತು. ಊರ ಕೊಳಚೆಯ ಜೊತೆಗೆ ಚರ್ಮ ಹದಮಾಡುವ ಕಾರ್ಖಾನೆಗಳ ನೀರನ್ನೂ ಅದು ಹೊರಬೇಕಿತ್ತು. ಚರ್ಮದ ನೀರಿನಲ್ಲಿ ಕ್ರೋಮಿಯಂ ಇತ್ತು, ಸಲ್ಫೇಟ್ ಇತ್ತು. ಸಲ್ಫೇಟ್ ತಿನ್ನುವ ಬ್ಯಾಕ್ಟೀರಿಯಾಗಳು ಮೀಥೇನ್ ಮಾಡುವವುಗಳ ತುತ್ತನ್ನೇ ಕಸಿದು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಆ ಅನಿಲ ಕೊಳೆತ ಮೊಟ್ಟೆಯಂತೆ ನಾರುತ್ತದೆ, ಕಬ್ಬಿಣ ಮತ್ತು ಕಾಂಕ್ರೀಟನ್ನು ತಿನ್ನುತ್ತದೆ. ಯಮುನಾ ಯೋಜನೆಯಲ್ಲೂ ಅನೇಕ ಊರುಗಳಲ್ಲಿ ಇಂಥ ಘಟಕಗಳು ಎದ್ದವು. ಹೊರಬರುವ ನೀರಿಗೆ ಮತ್ತೊಂದು ಹಂತದ ಶುದ್ಧೀಕರಣ ಬೇಕೇ ಬೇಕಾಯಿತು. ನನ್ನ ಮಾತು ಇಷ್ಟು: ಈ ತಂತ್ರ ಕೊಳೆ ಹೆಚ್ಚಿರುವ ತ್ಯಾಜ್ಯ ನೀರಿಗೆ, ಬೆಚ್ಚಗಿನ ನೀರಿಗೆ, ವಿಷವಿಲ್ಲದ ಊಟಕ್ಕೆ ಒಗ್ಗುವಂಥದ್ದು. ತೆಳು ಕೊಳಚೆಗೆ ಅದನ್ನೇ ಹಚ್ಚಿ, ಆಮೇಲೆ ಸೂಕ್ಷ್ಮಜೀವಿಗಳು ಕೈಕೊಟ್ಟವು ಎಂದು ದೂರುವುದು ನ್ಯಾಯವಲ್ಲ.

ಮನುಷ್ಯರ ಒಗ್ಗಟ್ಟೂ ಈ ಕೆಲಸಕ್ಕೆ ಬೇಕೆಂದು ತೋರಿಸಿದ್ದು ನಮ್ಮ ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ 'ಆಸ್ತ್ರ' ತಂಡ ಅಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಘಟಕ ನಿಲ್ಲಿಸಿತು. ಮೊದಲು ಎಲ್ಲರ ಅಡುಗೆಗೆ ಗ್ಯಾಸ್ ಕೊಡುವ ಯೋಚನೆಯಿತ್ತು. ಇದ್ದ ಸಗಣಿಗೆ ಅಷ್ಟು ಗ್ಯಾಸ್ ಹುಟ್ಟಲಿಲ್ಲ. ಆಗ ಊರಿನವರೊಂದಿಗೆ ಮತ್ತೆ ಕೂತು ಮಾತಾಡಿದರು. 1987ರಿಂದ ಆ ಗ್ಯಾಸನ್ನು ಡೀಸೆಲ್ ಎಂಜಿನ್ನಿಗೆ ಕೊಟ್ಟು ಕೊಳವೆಬಾವಿಯ ನೀರೆತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದವರಿಗೆ ಹಣ ಸಿಗುತ್ತಿತ್ತು, ಗ್ಯಾಸ್ ತೆಗೆದ ಬಗ್ಗಡ ಗೊಬ್ಬರವಾಗಿ ಮರಳುತ್ತಿತ್ತು. ಸಗಣಿ ಹೊತ್ತು ತರುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ನೀರಿಗಾಗಿ ನಡೆಯುವ ದೂರ ಕಡಿಮೆಯಾದದ್ದೂ ಅವರಿಗೇ. ಹಾಗಾಗಿ ಘಟಕ ವರ್ಷಗಟ್ಟಲೆ ನಡೆಯಿತು.

ಸಗಣಿ ಎಲ್ಲೆಡೆ ಸಾಲದು, ಸೊಪ್ಪುಸದೆ ಬೇಕಾದಷ್ಟಿದೆ. ಆದರೆ ಎಲೆ, ಹುಲ್ಲು ಗುಂಡಿಯಲ್ಲಿ ಮುಳುಗುವುದಿಲ್ಲ. ತೇಲಿ, ಕೆನೆಗಟ್ಟಿ, ಬಾಯಿ ಮುಚ್ಚುತ್ತದೆ. ಎಲೆಯ ನಾರನ್ನು ಬಂಧಿಸಿಟ್ಟಿರುವ ಲಿಗ್ನಿನ್ ಅಂಶವನ್ನು ಗಾಳಿಯಿಲ್ಲದ ಜೀವಿಗಳು ಒಡೆಯಲಾರವು. ಇದಕ್ಕಾಗಿ ಅದೇ ಸಂಸ್ಥೆಯ ವಿಜ್ಞಾನಿಗಳು ಸೊಪ್ಪನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ತಳ್ಳುವ ಉದ್ದ ಗುಂಡಿಗಳನ್ನೂ, ಸೊಪ್ಪಿನ ರಾಶಿಯ ಮೇಲೆ ಬಗ್ಗಡದ ನೀರು ಚಿಮುಕಿಸುವ ಘಟಕಗಳನ್ನೂ ರೂಪಿಸಿದರು. ಎಲೆಯ ಮೇಲೆ ಜೀವಿಗಳು ಪದರಗಟ್ಟಿ ಕೂತುಬಿಟ್ಟರೆ ಆ ಎಲೆಯೇ ಅವುಗಳ ಊಟ, ಅವುಗಳ ಮನೆ.

ಗ್ಯಾಸ್ ಒಂದೇ ಫಲವೆಂದು ತಿಳಿಯಬೇಕಾಗಿಲ್ಲ. 1926ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಮೊರೀಸ್ ಲೆಮ್ವಾನ್ಯ ಒಂದು ಬ್ಯಾಕ್ಟೀರಿಯಾದ ಹೊಟ್ಟೆಯಲ್ಲಿ ಪ್ಲಾಸ್ಟಿಕ್‌ನಂಥ ವಸ್ತು ಇರುವುದನ್ನು ಕಂಡರು. ನಮ್ಮ ಮೈಯಲ್ಲಿ ಕೊಬ್ಬು ಸೇರುವಂತೆ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಶೇಖರಿಸುತ್ತವೆ. ಒಮ್ಮೆ ಹಬ್ಬದೂಟ, ಆಮೇಲೆ ಉಪವಾಸ, ಹೀಗೆ ಸರದಿಯಲ್ಲಿ ಇಟ್ಟರೆ ಶೇಖರಿಸಿಕೊಳ್ಳಬಲ್ಲವು ಮಾತ್ರ ಬದುಕಿ ಉಳಿಯುತ್ತವೆ. ಮಣ್ಣಿನಲ್ಲಿ ಕರಗುವ ಪ್ಲಾಸ್ಟಿಕ್ಕನ್ನು ಕೊಳಚೆಯಿಂದ ಪಡೆಯುವ ಪ್ರಯತ್ನಗಳು ಈ ಹಾದಿಯಲ್ಲಿವೆ. ಹಾಲೆಂಡಿನ ಡೆಲ್ಫ್ಟ್‌ನಲ್ಲಿ ಮಾರ್ಕ್ ಫಾನ್ ಲೂಸ್ಡ್ರೆಕ್ಟ್ ತಂಡ ಇದೇ ಹಬ್ಬ-ಉಪವಾಸದ ಉಪಾಯದಿಂದ ಗಾಳಿ ಬೇಕಾದ ಬ್ಯಾಕ್ಟೀರಿಯಾಗಳನ್ನೂ ಕಾಳುಗಟ್ಟಿಸಿತು. ಆ ಕಾಳುಗಳನ್ನು ಹಿಡಿದಿಡುವ ಅಂಟನ್ನು ಬೇರ್ಪಡಿಸಿ ಮಾರುವ ಮೊದಲ ಕಾರ್ಖಾನೆ 2019ರಲ್ಲಿ ಜುಟ್ಫೆನ್ ಎಂಬಲ್ಲಿ ಶುರುವಾಯಿತು. ಹೈನು ಕಾರ್ಖಾನೆಯ ನೀರು ಅದಕ್ಕೆ ಕಚ್ಚಾವಸ್ತು.

ಕೊಳಚೆಯಲ್ಲಿರುವ ಅಮೋನಿಯಾದ ಕಥೆಯನ್ನೂ ಹೇಳಲೇಬೇಕು. ಗಾಳಿಯಿಲ್ಲದೆ ಅಮೋನಿಯಾವನ್ನು ನೈಟ್ರೋಜನ್ ಅನಿಲವಾಗಿಸುವ ಬ್ಯಾಕ್ಟೀರಿಯಾ ಎಲ್ಲೋ ಇರಬೇಕು ಎಂದು 1977ರಲ್ಲೇ ಎಂಗೆಲ್ಬರ್ಟ್ ಬ್ರೋಡಾ ಎಂಬ ಆಸ್ಟ್ರಿಯಾದ ವಿಜ್ಞಾನಿ ಬರೀ ಶಕ್ತಿಯ ಲೆಕ್ಕದಿಂದ ಹೇಳಿದ್ದರು. ಡೆಲ್ಫ್ಟ್‌ನ ಯೀಸ್ಟ್ ಕಾರ್ಖಾನೆಯೊಂದರ ಶುದ್ಧೀಕರಣ ತೊಟ್ಟಿಯಲ್ಲಿ ಅಮೋನಿಯಾ ಲೆಕ್ಕಕ್ಕೆ ಸಿಗದೆ ಮಾಯವಾಗುತ್ತಿದೆ ಎಂದು ಗಮನಿಸಿದಾಗ ಆ ಜೀವಿ ಕೈಗೆ ಸಿಕ್ಕಿತು. ಅನಮಾಕ್ಸ್ ಎಂದು ಈಗ ಅದರ ಕೆಲಸವನ್ನು ಕರೆಯುತ್ತಾರೆ. ಅದು ದುಪ್ಪಟ್ಟಾಗಲು ಹತ್ತು ದಿನವೋ ಎರಡು ವಾರವೋ ಬೇಕು. 2002ರಲ್ಲಿ ರಾಟರ್‌ಡ್ಯಾಮಿನಲ್ಲಿ ಶುರುವಾದ ಮೊದಲ ದೊಡ್ಡ ಘಟಕ ಪೂರ್ತಿ ಹದಕ್ಕೆ ಬರಲು ಮೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ನಂತರದ ಘಟಕಗಳು ತಯಾರಾದ ಬಗ್ಗಡವನ್ನು ತಂದು ಹಾಕಿಕೊಂಡು ಬೇಗ ನಡೆಯತೊಡಗಿದವು. ಗಾಳಿಯ ಖರ್ಚಿನಲ್ಲಿ ಅರ್ಧಕ್ಕೂ ಹೆಚ್ಚು ಉಳಿತಾಯ.

ಮತ್ತೆ ನಮ್ಮ ಊರಿನ ಕೊಳಚೆಗೆ ಬರೋಣ. 2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು ಕೋಲಾರದ ಕೆರೆಗಳನ್ನು ತುಂಬುತ್ತಿದೆ. ಆ ನೀರು ಎಷ್ಟು ಚೊಕ್ಕ ಎಂಬುದು ಕೋಲಾರದ ರೈತನ ಬಾವಿಯ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದದ್ದು ಬೆಂಗಳೂರಿನ ತೊಟ್ಟಿಗಳಲ್ಲಿರುವ ಬಗ್ಗಡ ಮತ್ತು ಅದನ್ನು ನೋಡಿಕೊಳ್ಳುವ ಜನ. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳಿಗೆ ಸ್ವಂತ ಕೊಳಚೆ ಶುದ್ಧೀಕರಣ ಘಟಕ (ಎಸ್‌ಟಿಪಿ) ಕಡ್ಡಾಯವಾಗಿದೆ. ನೀವು ಅಂಥಲ್ಲಿ ಇದ್ದರೆ, ನೆಲಮಾಳಿಗೆಯ ಆ ತೊಟ್ಟಿಯನ್ನು ಒಮ್ಮೆ ಹೋಗಿ ನೋಡಿ. ಕರೆಂಟ್ ಉಳಿಸಲೆಂದು ರಾತ್ರಿ ಬ್ಲೋವರ್ ನಿಲ್ಲಿಸುತ್ತಾರೆಯೇ ಎಂದು ಅಲ್ಲಿಯ ಕೆಲಸಗಾರನನ್ನು ಕೇಳಿ. ನಿಲ್ಲಿಸುತ್ತಿದ್ದರೆ ಸಂಘದ ಸಭೆಯಲ್ಲಿ ಎದ್ದು ಬೇಡವೆನ್ನಿ. ಬಚ್ಚಲಿಗೆ ಆಸಿಡ್ ಸುರಿಯುವುದನ್ನು ಬಿಡಿ, ಉಳಿದ ಔಷಧಿ ಮಾತ್ರೆಗಳನ್ನು ಕಮೋಡಿಗೆ ಹಾಕಬೇಡಿ, ಹಸಿ ಕಸವನ್ನು ಪ್ಲಾಸ್ಟಿಕ್ಕಿನಿಂದ ಬೇರೆ ಮಾಡಿ ಕೊಡಿ. ತೊಟ್ಟಿಯಲ್ಲಿ ಕಂದು ಬಣ್ಣದ, ಮಣ್ಣಿನ ವಾಸನೆಯ ಬಗ್ಗಡ ಇದ್ದರೆ ಅದು ಆರೋಗ್ಯವಾಗಿದೆ. ಕಪ್ಪಾಗಿ ನಾರುತ್ತಿದ್ದರೆ ಅದಕ್ಕೆ ಗಾಳಿ ಸಾಲದಾಗಿದೆ; ಅವತ್ತೇ ಸರಿಪಡಿಸಿ.